ಕಮ್ಮಾರ ಮಾಮ ಆಡದ ಭಾಷಣ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 9.40

ಆಫೀಸಿನ ಬಾಗಿಲಲ್ಲಿರುವ ಸುದ್ದಿ ಪೆಟ್ಟಿಗೆಯ ಬಾಯಿಂದ ಹುರಿಯೊಂದು ನೇತಾಡುತ್ತಿತ್ತು. ಎಳೆದೆ. ಬರುತ್ತಲೇ ಹೋಯಿತು. ತುದಿಯಲ್ಲಿ ಚೀಟಿ — 'ಹೋದ ವಾರ ನನ್ನ ಜೋಳ ನಾಲ್ಕಡಿ ಅಂತ ಹಾಕಿದ್ದೀರಿ. ಅಳೆದು ಕಳಿಸಿದ್ದೇನೆ, ನೀವೇ ನೋಡಿ.' ಸ್ಕೇಲ್ ಹಿಡಿದೆ. ಆರಡಿ ಎರಡಂಗುಲ.

ಸೇರಿ ಐದು ತಿಂಗಳಾಯಿತು. ನಾಲ್ಕು ಪುಟದ ವಾರಪತ್ರಿಕೆ, ಒಂದೇ ಕೋಣೆ, ಸಂಪಾದಕರು ಮತ್ತು ನಾನು. ಎಂ.ಎ. ಓದಿದ್ದು ಯಾರ ಹಸು ಎಷ್ಟು ಹಾಲು ಕೊಟ್ಟಿತು ಅಂತ ಬರೆಯೋಕಾ ಎಂದು ಅಪ್ಪ ಕೇಳುತ್ತಾರೆ. ನನಗೆ ಇಷ್ಟ. ಇಲ್ಲಿ ಯಾರೂ ಎದ್ದು ನಿಂತು ಮಾತಾಡು ಅನ್ನುವುದಿಲ್ಲ.

ಸಾರ್ ಬಂದವರೇ, "ಗುರುವಾರದ್ದು ಇವತ್ತೇ ಬರೆದುಬಿಡಮ್ಮ. ನಡೆದ ಹಾಗೇ," ಅಂದರು.

ಇದು ನಮ್ಮ ಪತ್ರಿಕೆಯ ಪದ್ಧತಿ. ಬುಧವಾರ ಅಚ್ಚು, ಶುಕ್ರವಾರ ಬೆಳಿಗ್ಗೆ ಹಾಲಿನ ವ್ಯಾನಿನಲ್ಲಿ ಹಳ್ಳಿಗಳಿಗೆ. ಗುರುವಾರದ ಕಾರ್ಯಕ್ರಮ ಮಂಗಳವಾರವೇ 'ಜರುಗಿತು' ಆಗಿಬಿಡಬೇಕು. ಹದಿನೆಂಟು ವರ್ಷದಿಂದ ಹೀಗೇ. ಓದುವವರಿಗೂ ಗೊತ್ತು.

"ನಡೀದೇ ಹೋದ್ರೆ ಸಾರ್?"

"ನಮ್ಮೋರು ಹೇಳಿದ ದಿನ ಮಾಡ್ತಾರೆ. ಎರಡು ಗಂಟೆ ಹೆಚ್ಚುಕಡಿಮೆ ಆಗಬಹುದು, ಅಷ್ಟೇ."

ಈ ಗುರುವಾರದ್ದು ಹತಾರ ಮನೆ. ಲೈಬ್ರರಿಯಿಂದ ಪುಸ್ತಕ ತಂದ ಹಾಗೆ ಗುದ್ದಲಿ, ಹಾರೆ, ಗರಗಸ, ಏಣಿ ಕಡ ತಂದು, ಕೆಲಸ ಮುಗಿದ ಮೇಲೆ ವಾಪಸ್ ಇಡುವ ಜಾಗ. ಕಮ್ಮಾರ ಮಾಮನ ಯೋಚನೆ. ಎರಡು ವರ್ಷ ಮನೆಮನೆಯ ಅಟ್ಟ ಹುಡುಕಿ, ಮುರಿದದ್ದನ್ನೆಲ್ಲ ತಂದು, ಒಬ್ಬರೇ ರಿಪೇರಿ ಮಾಡಿದ್ದಾರೆ.

ಸಂಜೆ

ಕುಲುಮೆಗೆ ಹೋಗಿದ್ದೆ. ಮಾಮ ಗುದ್ದಲಿಗೆ ಮರದ ಕಾವು ಕೂರಿಸುತ್ತಿದ್ದರು. ಗುರುವಾರ ಏನು ಮಾತಾಡ್ತೀರಿ ಅಂತ ಕೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಕೇಳಿದೆ.

"ಏನಿಲ್ಲ."

ಅತ್ತೆ ಒಳಗಿಂದಲೇ ಅಂದರು, "ಮೂವತ್ತು ವರ್ಷ ಸಂಸಾರ ಮಾಡಿದೀನಿ, ನನಗೇ ಇನ್ನೂ ಮೂರು ಮಾತಿನ ಮೇಲೆ ಆಡಿಲ್ಲ. ನಿನಗೆ ಹೇಳ್ತಾರಾ ಮಗಳೇ? ಟೀ ಕುಡಿದು ಹೋಗು."

ಟೀ ಮುಗಿಯುವ ಹೊತ್ತಿಗೆ ಮಾಮ ಗುದ್ದಲಿ ಎತ್ತಿ ಹಿಡಿದರು. "ತಲೆ ಒಬ್ಬರ ಮನೇದು. ಕಾವು ಇನ್ನೊಬ್ಬರ ಮನೇದು."

"ಈಗ ಯಾರದ್ದು?"

"ಬೇಕಾದೋರದ್ದು."

ಅಷ್ಟೇ ಸಿಕ್ಕಿದ್ದು.

ನವೆಂಬರ್ 5, ಬುಧವಾರ

ಆ ಮೂರು ಮಾತು ನಿನ್ನೆ ರಾತ್ರಿ ಹನ್ನೊಂದು ಸಾಲಾಯಿತು. ಹೇಗಾಯಿತೋ. ಬರೆಯುತ್ತಾ ಹೋದೆ... 'ಅಟ್ಟದಲ್ಲಿ ತುಕ್ಕು ಹಿಡಿದಿದ್ದು ಬರೀ ಕಬ್ಬಿಣವಲ್ಲ, ಒಬ್ಬರನ್ನೊಬ್ಬರು ಕೇಳುವ ನಮ್ಮ ನಾಲಿಗೆ.' ಉದ್ಧರಣ ಚಿಹ್ನೆ ಹಾಕಿ, 'ಎಂದು ಅವರು ನುಡಿದರು' ಅಂತ ಮುಗಿಸಿದೆ.

ಸಾರ್ ಓದಿ ಕನ್ನಡಕ ತೆಗೆದರು. "ಕಮ್ಮಾರ ಇಷ್ಟು ಮಾತಾಡ್ತಾನಾ?"

"ಹೆಚ್ಚುಕಡಿಮೆ... ಸಾರ್."

ಹೆಚ್ಚೂ ನನ್ನದೇ, ಕಡಿಮೆಯೂ ನನ್ನದೇ. ಆದರೂ ಖುಷಿ. ಹಾಳಾದ ಖುಷಿ.

ನವೆಂಬರ್ 6, ಗುರುವಾರ

ನಡೆಯಲಿಲ್ಲ.

ಹತಾರ ಮನೆಯ ನೆಲಕ್ಕೆ ನಿನ್ನೆ ಸಿಮೆಂಟ್ ಹಾಕಿ, ಬಾಗಿಲ ಜಾಗಕ್ಕೆ ಗೋಣಿಚೀಲ ಕಟ್ಟಿ ಹೋಗಿದ್ದರಂತೆ. ಹಾಲಿನ ಡೇರಿಯವರ ಎರಡು ಎಮ್ಮೆ ಗೋಣಿ ತಿಂದು, ಒಳಗೆಲ್ಲ ಓಡಾಡಿ, ಒಂದು ಮಲಗಿ ಎದ್ದೂ ಇದೆ. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು, "ಉದ್ಘಾಟನೆ ಆಗಿಹೋಯ್ತಲ್ಲ, ನಾವ್ಯಾಕೆ ಬೇಕು," ಅನ್ನುತ್ತಿದ್ದ. ಎಲ್ಲ ಕೆತ್ತಿ ಹೊಸದಾಗಿ ಹಾಕಬೇಕು. 16ರ ಭಾನುವಾರಕ್ಕೆ ಮುಂದೂಡಿದರು.

ಆಫೀಸಿಗೆ ಓಡಿದೆ. ಸಾರ್ ಪ್ರೆಸ್ಸಿಗೆ ಫೋನ್ ಮಾಡಿದರು. ಎಲ್ಲ ಪ್ರತಿ ಅಚ್ಚಾಗಿ, ಕಟ್ಟುಗಳು ನಾಳೆಯ ವ್ಯಾನಿಗೆ ಆಗಲೇ ಹತ್ತಿವೆ.

ನವೆಂಬರ್ 7, ಶುಕ್ರವಾರ

ಪೇಪರ್ ಬಂತು. ಹನ್ನೊಂದು ಸಾಲೂ ಬಂತು.

ನವೆಂಬರ್ 8, ಶನಿವಾರ

ಕಾರ್ಯಕ್ರಮ ನಡೆಯದ್ದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. "ಪೇಪರಿನವರು ಮುಂಚೆನೇ ಬರೀತಾರೆ, ಎಮ್ಮೆಗೇನು ಗೊತ್ತು," ಅಂತ ನಗುತ್ತಾರೆ. ಎಲ್ಲರ ಬಾಯಲ್ಲೂ ಭಾಷಣ. ಹಿಟ್ಟಿನ ಗಿರಣಿಯಲ್ಲಿ ಮಶಿನ್ ನಿಲ್ಲಿಸಿ ಓದಿಸಿದರಂತೆ. ಅಮ್ಮ ಕತ್ತರಿಸಿ ಕಪಾಟಿನಲ್ಲಿ ಇಟ್ಟಿದ್ದಾಳೆ. "ಆ ಮನುಷ್ಯನ ಹೊಟ್ಟೇಲಿ ಇಷ್ಟೊಂದು ಮಾತಿತ್ತಾ? ಪಾಪ, ನಾವ್ಯಾರೂ ಕೇಳೇ ಇರಲಿಲ್ಲ."

ಅಮ್ಮನ ಮುಖ ನೋಡಲಾಗಲಿಲ್ಲ. ಪಾತ್ರೆ ತೊಳೆಯಲು ಹೋದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮಧ್ಯಾಹ್ನದೊಳಗೆ ಆಫೀಸಿಗೆ ಒಂಬತ್ತು ಫೋನ್. ಎಲ್ಲರದೂ ಒಂದೇ ಪ್ರಶ್ನೆ — ಭಾನುವಾರ ಅದೇ ಮಾತು ಆಡ್ತಾರಲ್ವಾ? ಒಬ್ಬಾಕೆಯಂತೂ ತನ್ನ ಅತ್ತೆಯನ್ನೂ ಕರೆದುಕೊಂಡು ಬರುತ್ತಾಳಂತೆ, "ಕೇಳಿಸಿಕೊಳ್ಳಲಿ ಸ್ವಲ್ಪ." ಇಪ್ಪತ್ತು ಕುರ್ಚಿ ಹೇಳಿದ್ದರು. ಈಗ ಇನ್ನೂರು. ಜೊತೆಗೆ ಮೈಕ್.

ನವೆಂಬರ್ 10, ಸೋಮವಾರ

ಕುಲುಮೆ ತಣ್ಣಗಿತ್ತು. ಸೋಮವಾರ ಅದು ಆರಿದ್ದನ್ನು ನಾನು ನೋಡಿಲ್ಲ.

"ಶುಕ್ರವಾರದಿಂದ ಮಾತೇ ಆಡ್ತಿಲ್ಲ," ಅಂದರು ಅತ್ತೆ. "ಮುಂಚೆ ಆಡ್ತಿದ್ರಾ ಅಂತ ಕೇಳಬೇಡ. ಮುಂಚಿನ ಸುಮ್ಮನಿರೋದು ಬೇರೆ, ಇದು ಬೇರೆ."

ಮಾಮ ಹಿತ್ತಲ ಕಟ್ಟೆಯ ಮೇಲಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜೇಬಿನಿಂದ ಹತಾರ ಮನೆಯ ಕೀಲಿ ತೆಗೆದು ನನ್ನ ಕೈಗಿಟ್ಟರು.

"ನಾನು ಬರಲ್ಲಮ್ಮ. ನೀವೇ ತೆಗೀರಿ."

"ಮಾಮ, ಎರಡು ವರ್ಷದ ಕೆಲಸ..."

"ಆರನೇ ಕ್ಲಾಸಲ್ಲಿ ಮೇಷ್ಟ್ರು ಪದ್ಯ ಹೇಳು ಅಂತ ನಿಲ್ಲಿಸಿದ್ರು. ಬರ್ತಿತ್ತು. ಬಾಯಿ ಬರಲಿಲ್ಲ. ಎಲ್ಲರೂ ನಕ್ಕರು. ಮಾರನೇ ದಿನ ಅಪ್ಪನ ಜೊತೆ ಇಲ್ಲಿ ಕೂತೆ. ಆಮೇಲೆ ಸ್ಕೂಲ್ ಕಡೆ ಹೋಗಲಿಲ್ಲ." ಉಗುರಿನ ಮಸಿ ನೋಡಿಕೊಂಡರು. "ನೀನು ಬರೆದದ್ದು ನಿಮ್ಮತ್ತೆ ಹತ್ರ ಓದಿಸಿದೆ. ಚೆನ್ನಾಗಿದೆ. ನನ್ನದಲ್ಲ, ಅಷ್ಟೇ."

ಕೀಲಿ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ಅದು ಬಿಸಿಯಾಗಿಯೇ ಇತ್ತು.

ನವೆಂಬರ್ 12, ಬುಧವಾರ

ಸಾರ್‌ಗೆ ಎಲ್ಲ ಹೇಳಿದೆ. ತಿದ್ದುಪಡಿ ಬರೆದೂ ಕೊಟ್ಟೆ — 'ಕಳೆದ ಸಂಚಿಕೆಯ ಭಾಷಣ ಕಮ್ಮಾರರದ್ದಲ್ಲ.'

ಬೈಗುಳಕ್ಕೆ ಕಾದೆ. ಅವರು ಎರಡು ಸಲ ಓದಿ ಚೀಟಿ ಮಡಚಿದರು. "ಇದನ್ನ ಹಾಕಿದ್ರೆ ಏನಾಗುತ್ತೆ ಗೊತ್ತಾ? 'ಅದೇ ಅಂದ್ಕೊಂಡೆ, ಅವನೆಲ್ಲಿ ಇಷ್ಟು ಮಾತಾಡ್ತಾನೆ' ಅಂತಾರೆ. ತಪ್ಪು ನಿನ್ನದು, ಸಣ್ಣೋನಾಗೋದು ಅವನು. ಭಾನುವಾರ ಅವನಿಗೆ ಗಂಟಲು ಕೆಟ್ಟಿದೆ ಅಂದುಬಿಡೋಣ ಬಿಡು."

ಇನ್ನೊಂದು ಸುಳ್ಳು. ತಿದ್ದುಪಡಿ ಇಲ್ಲದೆಯೇ ಪುಟ ಕಟ್ಟಿದೆವು. ಎದ್ದು ಹೊರಡುವಾಗ ಸಾರ್ ತಮ್ಮ ಪಾಲಿನ ಬಿಸ್ಕತ್ತನ್ನು ನನ್ನ ಟೇಬಲ್ ಮೇಲಿಟ್ಟು ಹೋದರು.

ನವೆಂಬರ್ 15, ಶನಿವಾರ. ಸಂಜೆ

ಕುರ್ಚಿ ಎಲ್ಲಿ ಹಾಕುತ್ತಾರೆ ಅಂತ ನೋಡಲು ಹತಾರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮಾಮನ ಹತ್ತಿರ ಇನ್ನೊಂದು ಕೀಲಿ ಇರುತ್ತದೆ ಅಂತ ಹೊಳೆಯಬೇಕಿತ್ತು, ಬೀಗವೂ ಅವರೇ ಮಾಡಿದ್ದು.

ಗೋಡೆಗೆ ಹತಾರ ಇಟ್ಟು, ಸುತ್ತ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಯಾವುದು ಎಲ್ಲಿಂದ ಹೋಯಿತು, ಎಲ್ಲಿಗೆ ವಾಪಸ್ ಬರಬೇಕು ಅಂತ ಗೋಡೆಯೇ ಹೇಳಬೇಕಂತೆ. ಕುಡುಗೋಲು ಎತ್ತಿಕೊಟ್ಟೆ.

"ಇದು ಡೇರಿಯವರ ಅಜ್ಜಿದು. ಎಡಗೈಯೋರು. ಬಾಗು ನೋಡು, ಉಲ್ಟಾ. ಊರಲ್ಲಿ ಎಡಗೈಯೋರು ಇನ್ನೂ ನಾಲ್ಕು ಜನ ಇದ್ದಾರೆ, ಇಷ್ಟು ದಿನ ಬಲಗೈಯೋರದ್ದರಲ್ಲಿ ಕೈ ಕುಯ್ಕೊಳ್ತಿದ್ರು."

ಹಾರೆ ಕೊಟ್ಟೆ. ಹಾರೆಯ ಕಥೆ ಬಂತು. ಬಾವಿ ತೋಡುವಾಗ ಬಾಗಿದ್ದು, ನೆಟ್ಟಗೆ ಮಾಡಲು ಮೂರು ಸಲ ಕಾಯಿಸಿದ್ದು. ಗರಗಸ. ಏಣಿ. ಒಂದೊಂದು ಹತಾರ ಕೈಗೆ ಹೋದಂತೆ ಒಂದೊಂದು ಮನೆಯ ಕಥೆ ಹೊರಗೆ ಬಂತು. ಅಣ್ಣತಮ್ಮಂದಿರು ಪಾಲಾದಾಗ ಜಗಳ ಬೇಡವೆಂದು ಇಬ್ಬರೂ ಬಿಟ್ಟುಹೋದ ನೇಗಿಲ ಗುಳವೂ ಇತ್ತು. ಅರ್ಧ ಗಂಟೆ. ನನಗೆ ಬೆನ್ನು ಹಾಕಿಕೊಂಡು, ಒಂದು ಸಲವೂ ತಡವರಿಸದೆ. ನನ್ನ ಹನ್ನೊಂದು ಸಾಲು ಇದರ ಮುಂದೆ ಯಾವ ಮೂಲೆಗೂ ಸಾಲದು. ನಾನು ಕೇಳಬೇಕಿತ್ತು, ಬರೆದುಬಿಟ್ಟೆ.

"ಮಾಮ, ನಾಳೆ ಬಂದೋರಿಗೆ ಇದನ್ನೇ ಹೇಳಿ. ಇಲ್ಲೇ. ಹೀಗೇ ಬೆನ್ನು ಹಾಕಿಕೊಂಡು. ನಾಲ್ಕು ನಾಲ್ಕು ಜನ ಒಳಗೆ ಬರಲಿ."

ಸುಣ್ಣದ ಕಡ್ಡಿ ನಿಂತಿತು.

"ಹೊರಗೆ ಆ ಮೈಕಿನ ಮುಂದೆ?"

"ನೀವು ಹೋಗಬೇಕಾಗಿಲ್ಲ."

"ಹಾಗಾದ್ರೆ... ಒಳಗೇ ಇರ್ತೀನಿ." ಆಮೇಲೆ, ಗೋಡೆಗೇ ಹೇಳುವಂತೆ, "ಹೊರಗಿನೋರಿಗೆ ಯಾರು ಹೇಳ್ತಾರೆ?"

ಪಿಕಾಸಿ ಎತ್ತಿಕೊಟ್ಟೆ.

ನವೆಂಬರ್ 16, ಭಾನುವಾರ. ಬೆಳಿಗ್ಗೆ 7.15

ಟೆಂಪೋದಿಂದ ಕುರ್ಚಿ ಇಳಿಸುತ್ತಿರುವ ಸದ್ದು. ಮೈಕಿನವನು 'ಹಲೋ, ಹಲೋ' ಅನ್ನುತ್ತಿದ್ದಾನೆ. ಅಮ್ಮ ಇಸ್ತ್ರಿ ಮಾಡಿದ ಸೀರೆ ಮಂಚದ ಮೇಲಿಟ್ಟು, "ನೀನ್ಯಾಕೆ ಇಷ್ಟು ಬೆಳ್ಳಗಾಗಿದೀಯ, ಭಾಷಣ ಮಾಡೋದು ಅವರು ತಾನೇ?" ಅಂತ ಕೇಳಿ ಹೋದಳು.

ಅಮ್ಮನಿಗೆ ಹೇಳಿಲ್ಲ. ಸಾರ್‌ಗೂ ಹೇಳಿಲ್ಲ, ಹೇಳಿದರೆ ಗಂಟಲಿನ ಕಥೆ ಶುರು ಮಾಡುತ್ತಾರೆ. ಮೈಕಿನ ಮುಂದೆ ನಾನು ಹೇಳುವುದು ಎರಡೇ ವಾಕ್ಯ. ಆ ಮಾತು ಅವರು ಆಡಿದ್ದಲ್ಲ, ಕೇಳುವ ತಾಳ್ಮೆಯಿಲ್ಲದೆ ನಾನು ಬರೆದದ್ದು. ಅವರ ಮಾತು ಇದಕ್ಕಿಂತ ಚೆನ್ನಾಗಿದೆ, ಒಳಗೆ ಬಂದು ಕೇಳಿ. ಇನ್ನೂರು ಜನ ನಗಲಿ. ನನ್ನ ಮೇಲೆ ನಗಲಿ. ಮೊದಲು ಮೈಕಿನ ಹತ್ತಿರ ಹೋಗುವುದು ನಾನೇ, ಯಾರಾದರೂ ಮಾಮನನ್ನು ಕರೆಯುವ ಮೊದಲೇ —