ಅವ್ವನ ಎದೆಯ ಮೇಲಿನ ಕಪ್ಪು ಗೆರೆ

ಅಪ್ಪಾ, ನಿಮಗೆ ನಿಮ್ಮ ಮಗಳ ಶರಣು.

ದೇವದುರ್ಗದ ಎಕ್ಸ್‌ರೇ ಕೋಣೆಯಲ್ಲಿ ನೀವು ಹಸಿ ಫಿಲ್ಮನ್ನು ಒಣಗಲು ತೂಗುಹಾಕುವಾಗ ನಾನು ಶಾಲೆಯ ಚೀಲ ಹೊತ್ತು ಬಾಗಿಲಲ್ಲಿ ನಿಂತಿರುತ್ತಿದ್ದೆ. “ಒಳಗಿನ ರೋಗಕ್ಕಿಂತ ಹೊರಗಿನ ತಾಯತದ ನೆರಳು ಹೆಚ್ಚು ಕಾಡ್ತದ ನೋಡವಾ” ಎಂದು ನಗುತ್ತಿದ್ದಿರಿ. ನೀವು ತೀರಿಹೋದ ಮೇಲೆ ನಾನು ರೇಡಿಯಾಲಜಿಯನ್ನೇ ಆರಿಸಿಕೊಂಡೆ. ತರಗತಿಗೆ ಮೊದಲಿಗಳಾಗಿದ್ದೇನೆ. ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ನಿಮ್ಮೆದುರು ಅಲ್ಲದೆ ಇನ್ನಾರೆದುರು ಬೀಗಲಿ?

ಕಳೆದ ವಾರ ಅವ್ವ ಮಾನ್ವಿಯಿಂದ ಬಂದಾಗ, ರಾಯಚೂರಿನಲ್ಲಿ ಬಸ್ಸಿನಿಂದ ಇಳಿಯುವಷ್ಟರಲ್ಲೇ ಏದುಸಿರು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗಿರಬಹುದೆಂದು ವೈದ್ಯರು ಶಂಕಿಸಿದರು. ಗಡ್ಡೆಯಿದ್ದರೆ ರಕ್ತ ತೆಳುವಾಗಿಸುವ ಮದ್ದು ಕೂಡಲೇ ಬೇಕು. ಆದರೆ ಅವ್ವನ ಹೊಟ್ಟೆಯ ಹುಣ್ಣಿನಿಂದ ಆಗಾಗ ರಕ್ತ ಒಸರುತ್ತಿತ್ತು. ಗಡ್ಡೆಯಿಲ್ಲದೆಯೇ ಆ ಮದ್ದು ಕೊಟ್ಟುಬಿಟ್ಟರೆ... ಈ ವಾಕ್ಯವನ್ನು ಮುಗಿಸುವ ಧೈರ್ಯ ನನಗಿಲ್ಲ. ಉತ್ತರ ಸಿಗಬೇಕಾದದ್ದು ನಮ್ಮ ಆಸ್ಪತ್ರೆಯ ಡ್ಯುಯಲ್ ಎನರ್ಜಿ ಸಿ.ಟಿ. ಯಂತ್ರದಿಂದ. ಅದು ಒಂದೇ ದೇಹವನ್ನು ಎರಡು ಶಕ್ತಿಯ ಕಿರಣಗಳಿಂದ ನೋಡುತ್ತದೆ.

ಸ್ಕ್ಯಾನಿಗೆ ಮುಂಚೆ ನಮ್ಮ ತಂತ್ರಜ್ಞ ಖಾದರ್ ಭಾಯಿ ಕೇಳಿದ: “ಮೈಮ್ಯಾಲಿಂದು ಎಲ್ಲಾ ತೆಗದೀರೇನ್ರೀ ಅವ್ವಾರ?”

“ಕೊಳ್ಳಾಗ ಏನೂ ಇಲ್ಲ, ನೋಡಪ್ಪಾ.”

ಕೊರಳಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಇಷ್ಟಲಿಂಗ ಮೈಬಿಟ್ಟು ಹೋಗಬಾರದಲ್ಲವೇ? ಅದರ ಬೆಳ್ಳಿಯ ಕರಡಿಗೆಯನ್ನು ಅವಳು ಆಸ್ಪತ್ರೆಯ ಅಂಗಿಯೊಳಗೆ, ಎದೆಗೆ ಅವಚಿ ಕಟ್ಟಿಕೊಂಡಿದ್ದಳು. ನಮಗೆ ತಿಳಿದದ್ದು ಚಿತ್ರ ಬಂದ ಮೇಲೆ. ಬೆಳ್ಳಿಯ ಸುತ್ತಲೂ ಸೈಕಲ್ ಗಾಲಿಯ ಕಡ್ಡಿಗಳಂತೆ ಕಪ್ಪು ಬಿಳಿ ಗೆರೆಗಳು. ಒಂದು ಕಪ್ಪು ಗೆರೆ ಶ್ವಾಸಕೋಶದ ಬಲನಾಳವನ್ನೇ ಹಾದಿತ್ತು. ಗಡ್ಡೆಯೂ ಹೀಗೇ ಕಪ್ಪಾಗಿ ಕಾಣುತ್ತದೆ.

“ಫಿಕರ್ ಮಾಡಬ್ಯಾಡ್ರಿ ಮೇಡಂ, ಮಷೀನು ಈ ಗೆರಿ ಅಳಸ್ತದ” ಎಂದ ಖಾದರ್ ಭಾಯಿ. ಚಿತ್ರವನ್ನು ಹೆಚ್ಚಿನ ಶಕ್ತಿಯ ಕಿರಣದ ನೋಟಕ್ಕೆ ಏರಿಸಿದೆ, ಗೆರೆ ತೆಳುವಾಯಿತು. ಆದರೆ ನಾಳವನ್ನು ಬೆಳಗಿಸಲೆಂದು ಕೊಟ್ಟಿದ್ದ ಅಯೋಡಿನ್ ಔಷಧದ ಹೊಳಪೂ ಅದರೊಡನೆ ಮಂಕಾಯಿತು. ಇಳಿಸಿದರೆ ಹೊಳಪು ಮರಳಿತು, ಗೆರೆಯೂ ಮರಳಿತು. ಆ ಗೆರೆ ನಾಳದ ಗೋಡೆಯನ್ನು ದಾಟಿ ನೇರವಾಗಿ ಹೊರಗೆ ಚಾಚಿತ್ತು. ರಕ್ತದ ಗಡ್ಡೆ ಹಾಗೆ ಗೋಡೆ ದಾಟುವುದಿಲ್ಲ. ಬಹುಪಾಲು ಅದು ಬೆಳ್ಳಿಯ ನೆರಳೇ. ಆದರೆ ನೆರಳಿನ ಅಡಿಯಲ್ಲಿ ನಿಜವಾದ ಗಡ್ಡೆಯೂ ಅಡಗಿದ್ದರೆ? ಅವ್ವನ ಪ್ರಾಣದ ವಿಷಯದಲ್ಲಿ ‘ಬಹುಪಾಲು’ ಎಂದರೆ ಸಾಕೇ, ಅಪ್ಪಾ?

ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕು, ಕರಡಿಗೆ ಕೊಡು ಎಂದಾಗ ಅವ್ವ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. “ನೀ ಡಾಕ್ಟರ್ ಆಗಿದ್ರ ನಿನ್ನ ಮಟ್ಟಿಗೆ. ಲಿಂಗ ಬಿಟ್ಟು ನಾ ಒಂದು ಗಳಿಗಿ ಇರಂಗಿಲ್ಲ.”

“ಹಟ ಮಾಡಬ್ಯಾಡ ಯವ್ವಾ.”

“ಹಟ ನಿಮ್ಮಪ್ಪಾರದು. ಅದು ನಿನಗ ಬಂದದ, ನನಗಲ್ಲ.”

ಆಗ ನೀವು ನೆನಪಾದಿರಿ. ಕುರ್ಡಿ ಊರಿನ ಮುದುಕರೊಬ್ಬರು ನಿಮ್ಮೆದುರು ಹೀಗೇ ಪಟ್ಟು ಹಿಡಿದಿದ್ದರು. “ಅಂಗೈಯಾಗ ಇಟ್ಕೊಂಡು ಕೈ ಮ್ಯಾಲೆತ್ತರಿ ಯಜಮಾನ್ರ. ಲಿಂಗ ನಿಮ್ಮ ಕೈಯಾಗಿರಲಿ, ಎದಿ ಅಷ್ಟು ನನಗ ಬಿಡ್ರಿ” ಎಂದಿದ್ದಿರಿ. ಎದೆಯ ಸಿ.ಟಿ.ಗೆ ಹೇಗೂ ಕೈಗಳು ತಲೆಯ ಹಿಂದಕ್ಕೆ ಚಾಚಿರಬೇಕು. ಅವ್ವನಿಗೆ ನಿಮ್ಮ ಮಾತನ್ನೇ ಹೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಅವರು ಅಂದಂಗ ಅಂದಿ” ಎಂದು ಕೈ ಎತ್ತಿದಳು.

ಎರಡನೆಯ ಚಿತ್ರ ಮೂಡಿತು. ನಾಳ ಕವಲು ಕವಲಾಗಿ, ತುದಿಯವರೆಗೂ ತುಂಬಿ ಹೊಳೆಯುತ್ತಿತ್ತು. ಎಲ್ಲಿಯೂ ಗಡ್ಡೆಯಿರಲಿಲ್ಲ. ಏದುಸಿರಿಗೆ ಕಾರಣ ಮೈಯಲ್ಲಿ ರಕ್ತ ಕಡಿಮೆಯಾದದ್ದು. ಅದಕ್ಕೂ ಹುಣ್ಣಿಗೂ ಈಗ ಚಿಕಿತ್ಸೆ ನಡೆದಿದೆ.

ಸುದ್ದಿ ಹೇಳಲು ಓಡಿದಾಗ ಅವ್ವ ಮಂಚದ ಮೇಲೆ ಕುಳಿತು ಕರಡಿಗೆಯ ಶಿವದಾರವನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು.

“ಏನೂ ಇಲ್ಲ ಯವ್ವಾ, ಸಾಫ್ ಅದ.”

“ಹಂಗಾರ ಲಗೂನ ನಿಮ್ಮಪ್ಪಾರಿಗೆ ಫೋನ್ ಹಚ್ಚು. ಕಾಯಾಕತ್ತಿರ್ತಾರ.”

ಹಾಗೆಂದವಳ ಬೆರಳು ದಾರದ ಗಂಟಿನ ಮೇಲೆಯೇ ನಿಂತುಬಿಟ್ಟಿತು. ಆ ಗಂಟನ್ನು ನಾನೇ ಕಟ್ಟಿದೆ.

ಅಪ್ಪಾ, ಅವ್ವನ ಎದೆಯಲ್ಲಿ ಗಡ್ಡೆಯಿಲ್ಲ. ನೀವಿನ್ನು ಕಾಯುವುದು ಬೇಡ.

ನಿಮ್ಮ ಮಗಳು,
ಗಿರಿಜಾ