ಸಜ್ಜದ ಕೆಳಗಿನ ಗೂಡು

12 ಜೂನ್, ಬೆಳಗ್ಗೆ 6

ಸುದ್ದಗುಂಟೆಪಾಳ್ಯದ ಈ ಬೀದಿಗೆ ದಿನ ಬಿಟ್ಟು ದಿನ ನೀರು. ಆರು ಬಿಂದಿಗೆ ಹೊತ್ತೆ. ಅತ್ತೆ ಬಾಗಿಲಲ್ಲಿ ನಿಂತು ಎಣಿಸಿದರು, ಎಂದಿನಂತೆ. ಮದುವೆಯಾಗಿ ಆರು ವರ್ಷ. ಮಗುವಿಲ್ಲದ ಸೊಂಟಕ್ಕೆ ಬಿಂದಿಗೆ ಭಾರವಾಗಬಾರದು, ಅಷ್ಟೆ.

ಅಡುಗೆಮನೆ ಕಿಟಕಿಯ ಸಜ್ಜದ ಕೆಳಗೆ ಗೂಡು. ನಿಂಬೆಹಣ್ಣಿನಷ್ಟು. ಅತ್ತೆ ನೋಡಿ ಕೆನ್ನೆ ಬಡಿದುಕೊಂಡರು.

"ಕುಂಬಾರ ಹುಳ ಕಣೇ ಶಾಂತಲಾ. ಇದು ಗೂಡು ಕಟ್ಟಿದ್ರೆ ಮನೇಲಿ ಮಗು ಆಗುತ್ತೆ. ವೇಣು ಹೊಟ್ಟೇಲಿದ್ದಾಗ್ಲೂ ಕಟ್ಟಿತ್ತು. ಯಾರೂ ಮುಟ್ಬಾರ್ದು."

ಮಧ್ಯಾಹ್ನ

ಸ್ಟೂಲ್ ಹಾಕಿ ನೋಡಿದೆ. ಕುಂಬಾರ ಹುಳ ಅಲ್ಲ. ಅದು ಒಂಟಿ ಹುಳ. ಹಸಿಮಣ್ಣು ಮೆತ್ತುತ್ತದೆ, ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಇದು ಮಣ್ಣೇ ಅಲ್ಲ, ಒರಟು ಕಾಗದದ ಹಾಗೆ. ಹುಳ ದಪ್ಪ, ಕಪ್ಪು ಮೈ, ಹೊಟ್ಟೆಗೆ ಹಳದಿ ಪಟ್ಟೆ. ಕಡಜ. ಅಪ್ಪನ ಮನೆಯ ಹುಣಸೆಮರದಲ್ಲಿ ಕಟ್ಟುತ್ತಿತ್ತು, ಮರೆಯುವುದುಂಟೆ.

ವೇಣು ಆಫೀಸಿನಿಂದ ಬಂದ ಮೇಲೆ ಹೇಳಬೇಕು.

14 ಜೂನ್

ಹೇಳಲಿಲ್ಲ. ಬಿಂದಿಗೆಗೆ ಕೈ ಹಾಕಿದರೆ ಅತ್ತೆ ಕಿತ್ತುಕೊಂಡರು. "ನೀನು ಭಾರ ಎತ್ಬೇಡ. ವೇಣು ಎತ್ತಲಿ." ಕಾವಲಿಯಿಂದ ಇಳಿದ ದೋಸೆ ನೇರ ನನ್ನ ತಟ್ಟೆಗೆ. ಈ ಮನೆಯಲ್ಲಿ ನಾನು ತಿಂದ ಮೊದಲ ಬಿಸಿ ದೋಸೆ.

ಒಂದು ಹುಳಕ್ಕೆ ಇಷ್ಟು ಮರ್ಯಾದೆ. ನಾಚಿಕೆಯಾಗಬೇಕಿತ್ತು. ತಿಂದೆ. ಇನ್ನೊಂದು ಕೇಳಿದೆ.

21 ಜುಲೈ

ಈ ತಿಂಗಳೂ ಮುಟ್ಟಾದೆ. ಅತ್ತೆ ಮುಖ ಸಿಂಡರಿಸಲಿಲ್ಲ. "ಗೂಡು ಇನ್ನೂ ಮುಗ್ದಿಲ್ವಲ್ಲ. ಮುಗೀಲಿ" ಎಂದು ಕಾಫಿ ಕೊಟ್ಟರು.

ಗೂಡು ಈಗ ತೆಂಗಿನಕಾಯಿ ಗಾತ್ರ. ಎದುರುಮನೆ ವನಿತಾ ಆಂಟಿ, "ಕಡಜ ಇದ್ದಂಗಿದೆ ರುದ್ರಮ್ಮ" ಎಂದರು. ಅತ್ತೆ ಅವರ ಜೊತೆ ಮಾತು ಬಿಟ್ಟರು. ನಾನು ಅತ್ತೆಯ ಪರ ವಹಿಸಿದೆ... ಕೆಟ್ಟವಳು ನಾನು.

18 ಆಗಸ್ಟ್

"ಗೂಡು ದೊಡ್ಡದಾಗ್ತಾನೇ ಇದೆ, ತೆಗೆಸ್ಬಿಡೋಣ್ವಾ? ಅಮ್ಮಂಗೆ ಏನೋ ಒಂದು ಹೇಳಿದ್ರಾಯ್ತು" ಎಂದ ವೇಣು. ಬೇಡ ಎಂದವಳು ನಾನೇ. ಗೂಡು ಹೋದರೆ ದೋಸೆಯೂ ಹೋಗುತ್ತದೆ.

6 ಸೆಪ್ಟೆಂಬರ್, ಗೌರಿ ಹಬ್ಬ

ಅತ್ತೆ ಸಾಂಬ್ರಾಣಿ ಹಿಡಿದು ಕಿಟಕಿಯ ಕಡೆ ಹೊರಟರು. ಗೂಡಿಗೂ ಧೂಪ ತೋರಿಸಬೇಕಂತೆ. ಹೊಗೆಗೆ ಕಡಜ ಕೆರಳುತ್ತದೆ, ಗೊತ್ತಿತ್ತು. ಬೇಡ ಅನ್ನಬಹುದಿತ್ತು. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಬಾಗಿನದ ಮೊರಕ್ಕೆ ಅರಿಶಿನ ಹಚ್ಚುತ್ತಾ ಕೂತೆ.

ಆಮೇಲೆ ಅವರ ಕೂಗು ಕೇಳಿಸಿತು.

7 ಸೆಪ್ಟೆಂಬರ್, ಆಸ್ಪತ್ರೆ

ಅತ್ತೆಗೆ ಹನ್ನೊಂದು ಕಡೆ ಕಚ್ಚಿವೆ. ಬಿಪಿ ಇಳಿದಿತ್ತು, ಆಕ್ಸಿಜನ್ ಹಾಕಿದ್ದಾರೆ. ಹೊರಗೆ ಗಣೇಶನ ಮೈಕು. ಕೈಯಲ್ಲಿ ಅರಿಶಿನ ಇನ್ನೂ ಹೋಗಿಲ್ಲ.

8 ಸೆಪ್ಟೆಂಬರ್, ಸಂಜೆ

ಗೂಡು ತೆಗೆಯುವ ಚಿದಾನಂದ್ ಬಂದರು. ಮುಖಕ್ಕೆ ಜಾಲರಿ, ಕೈಯಲ್ಲಿ ಗೋಣಿಚೀಲ. "ಚಿಕ್ಕದಿದ್ದಾಗ್ಲೇ ಕರೆದಿದ್ರೆ ಐದು ನಿಮಿಷದ ಕೆಲಸ ಮೇಡಂ. ಹತ್ರದಿಂದ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಇದು ಮಣ್ಣಲ್ಲ ಅಂತ."

ವೇಣು ನನ್ನನ್ನೇ ನೋಡಿದ. "ನೀನು ಹತ್ರದಿಂದ ನೋಡಿದ್ಯಾ?"

ಹೌದು ಎಂದೆ.

11 ಸೆಪ್ಟೆಂಬರ್

ಅತ್ತೆ ಮನೆಗೆ ಬಂದರು. ಎಡಗಣ್ಣು ಇನ್ನೂ ತೆರೆಯುತ್ತಿಲ್ಲ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅತ್ತೆ."

"ಮೊದಲನೇ ದಿನದಿಂದ್ಲೂ?"

"ಹೂಂ."

ಗೋಡೆಯ ಕಡೆ ತಿರುಗಿ ಮಲಗಿದರು.

14 ಸೆಪ್ಟೆಂಬರ್, ಬೆಳಗ್ಗೆ 6

ನೀರು ಬಂತು. ವೇಣು ಏಳಲಿಲ್ಲ. ನಾನೇ ಹೊತ್ತೆ. ಯಾರೂ ಎಣಿಸಲಿಲ್ಲ.

ಐದನೆಯ ಬಿಂದಿಗೆ ಇಳಿಸುವಾಗ ಅತ್ತೆ ಮಂಚದಿಂದಲೇ, ಮೂರು ದಿನದ ಮೇಲೆ ಮೊದಲ ಮಾತು: "ಮೂರು ತಿಂಗಳು ಚೆನ್ನಾಗಿತ್ತಲ್ವೇನೇ."

ನಲ್ಲಿಯ ಹತ್ತಿರ ಬಂದು ಕೂತೆ. ಆರನೆಯದು ತುಂಬುವವರೆಗೆ ಇದನ್ನು ಬರೆಯುತ್ತಿದ್ದೇನೆ. ಒಳಗೆ ಹೋದ ತಕ್ಷಣ ಹೇಳಬೇಕು. ಹೌದತ್ತೆ, ನನಗೂ...