ಗೌರಮ್ಮನ ಮೈ ಮರೆಯದ ಸಂಗತಿ

ವಿಜ್ಞಾನ ಓದದ ಶಿಷ್ಯನನ್ನೂ ಸಹಿಸಿಕೊಂಡ ನಮ್ಮ ಮೇಡಂ,

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನೀವು ನನಗೆ ಕೆಲಸ ಕೊಟ್ಟ ದಿನ ನೆನಪಿದೆಯೇ? "ಕನ್ನಡ ಬಿ.ಎ. ಆಗೀನ್ರಿ, ರಕ್ತ ಕಂಡ್ರ ತಲಿ ತಿರಗ್ತದ" ಎಂದೆ. "ರಕ್ತ ನಾ ತಗೋತೀನಿ, ನೀ ಮಾತಾಡೊ ಮಾರಾಯಾ" ಎಂದಿರಿ. ಒಮ್ಮೆ ರೋಗಾಣುವನ್ನು ಸೋಲಿಸಿದ ಮೈ ಆ ವೈರಿಯನ್ನು ಎಷ್ಟು ವರ್ಷ ನೆನಪಿಡುತ್ತದೆ? ಇದು ನಿಮ್ಮ ಪ್ರಶ್ನೆ; ಸಾಯುವವರೆಗೂ ಎಂಬುದು ನಿಮ್ಮ ಊಹೆ. ನಮ್ಮ ಹಳ್ಳಿಗಳಿಗೆ ಬಂದು ಅದನ್ನು ಕೇಳಿದವರು ನಿಮಗಿಂತ ಮೊದಲು ಯಾರಿದ್ದರು?

ನಾರಾಯಣಪುರದ ಶಾಲೆಯ ಪಡಸಾಲೆಯಲ್ಲಿ, ರಕ್ತ ಕೊಡಲು ಜನರನ್ನು ಕರೆಯುತ್ತ ನಾನು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಇರವಿ ಕಚ್ಚಿದಷ್ಟ ನೋವು, ಇರತೀವ್ರಿ ಬಾಜೂಕ ನಾವು!" ನೀವು ಸೂಜಿ ಹಿಡಿದೇ ಅಂದಿರಿ, "ಪ್ರಾಸ ಬರೋಬರಿ ಅದ, ನೋವು ಜರಾ ಕಡಿಮಿ ಹೇಳೀದಿ."

ತಿಂಗಳ ಮೇಲೆ ಫಲಿತಾಂಶ ಬಂದಾಗ ನಿಮ್ಮ ಹುಬ್ಬು ಗಂಟಾಯಿತು. ಮನೆಮನೆ ತಿರುಗಿ ಹೆಸರು ಬರೆದುಕೊಂಡಾಗಲೇ ಕಂಡಿದ್ದೆವು: ಚಿಕ್ಕಂದಿನಲ್ಲಿ ಸಿಡುಬು ಗೆದ್ದ ಆ ಊರಿನ ಗೌರಮ್ಮನ ಮುಖದ ತುಂಬ ಕಲೆ. ರಕ್ತದಲ್ಲಿ ಮಾತ್ರ ಸಿಡುಬಿನ ಸುಳಿವೇ ಇಲ್ಲ! ಬೇರೆಯವರಾಗಿದ್ದರೆ ಆ ಹೆಸರಿಗೆ ಗೀಟು ಹಾಕಿ ಮುಂದೆ ಹೋಗುತ್ತಿದ್ದರು. ನೀವು ಮತ್ತೆ ನಾರಾಯಣಪುರದ ಬಸ್ಸು ಹತ್ತಿದಿರಿ.

ಬೇಳೆ ಆರಿಸುತ್ತ ಕೂತಿದ್ದ ಗೌರಮ್ಮ ಸಂಕೋಚವಿಲ್ಲದೆ ಹೇಳಿದಳು: "ನಂದು ಮುದಿ ರಕ್ತ ರೀ. ಅದಕ ತಮ್ಮನ ಮಗನ್ನ ಕಳಸಿದ್ದೆ. ಪೈಲ್ವಾನ್ ಇದ್ದಂಗ ಅದಾನ. ಮನಿ ಹೆಸರು ಛಲೋ ಬರ್ಲಿ ಅಂತ."

"ಗೌರಮ್ಮನ ಮನ್ಯಾಗಿಂದ" ಎಂದು ಕೈ ಚಾಚಿದವನ ಸೀಸೆಗೆ ಗೌರಮ್ಮನ ಹೆಸರಿನ ಚೀಟಿ ಅಂಟಿಸಿದವನು ನಾನೇ. ರಕ್ತ ಕಾಣಬಾರದೆಂದು ಮುಖ ತಿರುಗಿಸಿಕೊಂಡಿದ್ದೆ. ಅಂದು ಇನ್ನೆಷ್ಟು ಮನೆಗಳು ಹೀಗೆ ಬೇರೆಯವರನ್ನು ಕಳಿಸಿದ್ದವೋ! ನನಗೆ ನೆಲ ಬಿರಿಯಬಾರದೇ ಅನಿಸಿತು. ನೀವು ಬೈಯಲಿಲ್ಲ. "ಅವರು ಸುಳ್ಳು ಹೇಳಿಲ್ಲೊ. ಮನ್ಯಾಗಿನ ಛಲೋದು ಕೊಟ್ಟಾರ. ಊರೆಲ್ಲ ಮತ್ತ ಮಾಡೋಣು" ಎಂದಿರಿ. ಮುಗಿಸಿದ ಕೆಲಸವನ್ನು ಮೊದಲಿಂದ ಶುರುಮಾಡುವ ಮಾತನ್ನು ಇಷ್ಟು ಹಗುರವಾಗಿ ಯಾರು ಆಡುತ್ತಾರೆ? ಅಷ್ಟರಲ್ಲಿ ನಿಮ್ಮ ಆರೋಗ್ಯ...

ಈ ವರ್ಷ ನಿಮ್ಮ ಶಿಷ್ಯೆ ಡಾಕ್ಟರಮ್ಮ ಮತ್ತು ನಾನು ಮತ್ತೆ ಹೋದೆವು. ನಾನು ಕಣ್ಣು ಬಿಟ್ಟುಕೊಂಡು, ಒಬ್ಬೊಬ್ಬರ ಮುಖ ನೋಡಿ ಹೆಸರು ಬರೆದೆ. ಎರಡು ಸಲ ಗೋಡೆ ಹಿಡಿದೆ, ಬೀಳಲಿಲ್ಲ. "ಯಾರ ಕೆಲಸ ಮಾಡಾಕತ್ತೀರಿ?" ಎಂದು ಕೇಳಿದವರಿಗೆಲ್ಲ ಎದೆಯುಬ್ಬಿಸಿ ನಿಮ್ಮ ಹೆಸರು ಹೇಳಿದೆ. ಗೌರಮ್ಮ ಎಲ್ಲರಿಗಿಂತ ಮೊದಲು ಬಂದು ತೋಳು ಚಾಚಿದಳು.

ಮೇಡಂ, ನಿಮ್ಮ ಊಹೆ ನಿಜ. ಅರ್ಧ ಶತಮಾನ ಕಳೆದರೂ ಅವಳ ಮೈ ಆ ವೈರಿಯನ್ನು ಮರೆತಿಲ್ಲ. ನಿನ್ನೆ ಹೋಗಿ ಅವಳಿಗೆ ಫಲಿತಾಂಶದ ಕಾಗದ ಓದಿ ಹೇಳಿದೆ. "ಮುಂಜಾನಿ ಏನ್ ತಿಂದೀನಂತ ನೆನಪಿಲ್ಲ, ಮೈಗಿ ಇಷ್ಟೆಲ್ಲ ನೆನಪದ ಏನ್?" ಎಂದು ನಕ್ಕಳು. ಆಮೇಲೆ ಸೆರಗು ಸರಿಪಡಿಸಿಕೊಂಡು, "ನಿಮ್ಮ ಮೇಡಂ ಬಾಯಾರಿಗಿ ತಿಳಸ್ರಿ" ಎಂದಳು.

ನೀವಿಲ್ಲವೆಂಬುದು ಅವಳಿಗೆ ಗೊತ್ತು. ಆದರೂ ತಿಳಿಸಿದ್ದೇನೆ.